ಓದುಗರ ಪ್ರಶ್ನೆ, ನಮ್ಮ ಉತ್ತರ: ನಡುದಾರಿಯಲ್ಲಿ ಸೈಕಲ್ ಪಂಕ್ಚರ್ ಆದಾಗ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಾಗಿದ್ದವು. ಸೈಕಲ್ ತುಳಿಯುತ್ತ ದೂರ ಹೋದಾಗ ನಡುದಾರಿಯಲ್ಲಿ ಪಂಕ್ಚರ್ ಆದರೆ, ಬೇರೆಯವರ ನೆರವಿಲ್ಲದೆ ಟ್ಯೂಬನ್ನು ತಾವೇ ಸರಿಪಡಿಸಿಕೊಳ್ಳುವುದು ಹೇಗೆ ಎಂದು ಹಲವರು ಹಲವು ಬಗೆಯಲ್ಲಿ ಕೇಳಿದ್ದಾರೆ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟು, ಒಂದನ್ನೊಂದು ಹೋಲುವ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಳೆದ ವಾರ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ತೆಗೆದು, ರಂಧ್ರ ಹುಡುಕಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸಿದೆ. ಅರ್ಧ ಗಂಟೆ ತುಳಿಯುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಇನ್ನೊಂದು ಪ್ಯಾಚ್ ಹಾಕಿದರೂ ಅದೇ ಕಥೆ. ನನ್ನ ಪ್ಯಾಚಿನ ಗುಣಮಟ್ಟವೇ ಸರಿಯಿಲ್ಲವೇ?

ಉತ್ತರ: ಟ್ಯೂಬಿಗೆ ಏನೇನು ಮಾಡಿದಿರಿ ಎಂಬುದನ್ನು ನೀವು ವಿವರವಾಗಿ ಬರೆದಿದ್ದೀರಿ, ಆದರೆ ಟೈರಿನ ಒಳಮೈಯನ್ನು ನೋಡಿದ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ತಪ್ಪು ಅಲ್ಲೇ ಆಗಿರುವ ಸಾಧ್ಯತೆ ಹೆಚ್ಚು. ಟ್ಯೂಬಿನಲ್ಲಿ ರಂಧ್ರ ಮಾಡಿದ ಮುಳ್ಳೋ ಗಾಜಿನ ಚೂರೋ ಟೈರಿನಲ್ಲೇ ಸಿಕ್ಕಿಕೊಂಡಿದ್ದರೆ ಟ್ಯೂಬನ್ನು ಎಷ್ಟು ಚೆನ್ನಾಗಿ ಸರಿಪಡಿಸಿದರೂ ಅದು ಮತ್ತೆ ಚುಚ್ಚುತ್ತದೆ. ಹೊಸ ಟ್ಯೂಬ್ ಹಾಕಿದರೂ ಗತಿ ಅಷ್ಟೇ. ಪಂಕ್ಚರ್ ತೆಗೆಯುವ ಕೆಲಸದಲ್ಲಿ ಪ್ಯಾಚ್ ಹಾಕುವುದು ಎರಡನೆಯ ಹಂತವೆಂದೂ ಕಾರಣವನ್ನು ಹುಡುಕಿ ತೆಗೆಯುವುದು ಮೊದಲನೆಯದೆಂದೂ ನಾನು ತಿಳಿದಿದ್ದೇನೆ.

ಹುಡುಕುವುದಕ್ಕೆ ಒಂದು ಉಪಾಯವಿದೆ. ಟ್ಯೂಬನ್ನು ಹೊರಗೆಳೆಯುವ ಮೊದಲು, ಟೈರಿನ ಮೇಲೆ ಅಚ್ಚಾಗಿರುವ ಯಾವುದಾದರೂ ಅಕ್ಷರಕ್ಕೆ ವಾಲ್ವ್ ಎಲ್ಲಿ ಎದುರಾಗಿದೆ ಎಂದು ನೋಡಿಕೊಳ್ಳಿ, ಟ್ಯೂಬಿನ ಯಾವ ಬದಿ ಚೈನಿನ ಕಡೆಗಿತ್ತು ಎಂಬುದನ್ನೂ ನೆನಪಿಟ್ಟುಕೊಳ್ಳಿ. ಟ್ಯೂಬಿನಲ್ಲಿ ರಂಧ್ರ ಸಿಕ್ಕಮೇಲೆ ಅದು ವಾಲ್ವಿನಿಂದ ಎಷ್ಟು ಗೇಣು ದೂರದಲ್ಲಿದೆಯೋ ಅಷ್ಟೇ ದೂರವನ್ನು ಟೈರಿನ ಮೇಲೂ ಅಳೆದರೆ, ಅಪರಾಧಿ ಅಡಗಿರುವ ಜಾಗ ನಾಲ್ಕು ಬೆರಳಿನ ಅಗಲದೊಳಗೆ ಗೊತ್ತಾಗುತ್ತದೆ. ಬದಿ ಮರೆತುಹೋಗಿದ್ದರೆ ವಾಲ್ವಿನ ಎರಡೂ ಕಡೆಗೆ ಅಳೆದು ನೋಡಬೇಕು. ಆಮೇಲೆ ಟೈರನ್ನು ಒಳಮಗುಚಿ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಇಡೀ ಸುತ್ತನ್ನು ಬಟ್ಟೆಯ ಚೂರಿನಿಂದ ಒಮ್ಮೆ ಸವರಿ. ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಏನೋ ಇದೆ ಎಂದು ಅರ್ಥ. ಬರಿಗೈಯಿಂದ ಸವರುವವರೂ ಇದ್ದಾರೆ, ಆದರೆ ಗಾಜಿನ ಚೂರು ಬೆರಳನ್ನೂ ಬಿಡುವುದಿಲ್ಲ.

ನಾನು ಒಮ್ಮೆ ಒಂದೇ ಮಧ್ಯಾಹ್ನದಲ್ಲಿ ಒಂದೇ ಟ್ಯೂಬಿಗೆ ಮೂರು ಪ್ಯಾಚ್ ಹಾಕಿದ್ದೆ. ಮೂರೂ ಒಂದು ಬೆರಳಿನ ಅಂತರದಲ್ಲಿದ್ದವು. ಕೊನೆಗೆ ಸಿಕ್ಕಿದ್ದು ಕೂದಲೆಳೆಯಷ್ಟು ತೆಳ್ಳಗಿನ ಉಕ್ಕಿನ ತಂತಿಯ ತುಂಡು. ದೊಡ್ಡ ವಾಹನಗಳ ಟೈರು ಸಿಡಿದ ಜಾಗಗಳಲ್ಲಿ ಇಂಥವು ರಸ್ತೆಯ ಅಂಚಿಗೆ ಉದುರಿರುತ್ತವೆ. ಟೈರನ್ನು ಸುಮ್ಮನೆ ಹಿಡಿದರೆ ಅದು ಕಾಣುತ್ತಿರಲಿಲ್ಲ. ಹೊರಗಿನಿಂದ ಹೆಬ್ಬೆರಳಿನಲ್ಲಿ ಒತ್ತಿ ಬಾಗಿಸಿದಾಗ ಮಾತ್ರ ಒಳಗೆ ತಲೆ ಹಾಕುತ್ತಿತ್ತು. ಅಂದಿನಿಂದ ನಾನು ಟೈರನ್ನು ಬಾಗಿಸದೆ ಪರೀಕ್ಷಿಸುವುದಿಲ್ಲ.

ರಂಧ್ರದ ಆಕಾರವನ್ನೂ ಅದು ಇರುವ ಜಾಗವನ್ನೂ ಓದಲು ಕಲಿತರೆ ಹುಡುಕಾಟ ಇನ್ನಷ್ಟು ಸುಲಭವಾಗುತ್ತದೆ. ನೆಲಕ್ಕೆ ತಾಗುವ ಹೊರಬದಿಯಲ್ಲಿ ಒಂದೇ ಚುಕ್ಕೆ ಇದ್ದರೆ ಮುಳ್ಳು, ಮೊಳೆ ಅಥವಾ ಗಾಜು ಕಾರಣ. ಟ್ಯೂಬಿನ ಒಳಬದಿಯಲ್ಲಿ, ಅಂದರೆ ರಿಮ್ಮಿಗೆ ಒತ್ತಿಕೊಳ್ಳುವ ಕಡೆ ರಂಧ್ರವಿದ್ದರೆ ಟೈರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ರಿಮ್ಮಿನೊಳಗಿನ ಪಟ್ಟಿ ಜರುಗಿ ಕಡ್ಡಿಯ ತಲೆಯೋ ಕಡ್ಡಿ ಕೂರುವ ತೂತಿನ ಚೂಪು ಅಂಚೋ ಹೊರಬಿದ್ದಿರುತ್ತದೆ. ಪಕ್ಕಪಕ್ಕದಲ್ಲಿ ಎರಡು ಸಣ್ಣ ಸೀಳುಗಳು ಹಾವು ಕಚ್ಚಿದ ಗುರುತಿನಂತೆ ಕಂಡರೆ, ಗಾಳಿ ಕಡಿಮೆಯಿದ್ದ ಟೈರು ಗುಂಡಿಯ ಅಂಚಿಗೋ ಕಲ್ಲಿಗೋ ಬಡಿದು, ಟ್ಯೂಬು ರಿಮ್ಮಿನ ಎರಡು ತುದಿಗಳ ಕೆಳಗೆ ಸಿಕ್ಕಿ ಜಜ್ಜಿದೆ ಎಂದು ತಿಳಿಯಬೇಕು. ಆಗ ಟೈರಿನಲ್ಲಿ ಏನೂ ಸಿಗುವುದಿಲ್ಲ, ಗಾಳಿಯನ್ನು ತಕ್ಕಷ್ಟು ತುಂಬಿಕೊಳ್ಳುವುದೇ ಪರಿಹಾರ. ಒಂದು ಸೀಳು ಸಿಕ್ಕಿದೊಡನೆ ತೃಪ್ತರಾಗಿ ಅದರ ಜೊತೆಯದನ್ನು ನೋಡದೆ ಬಿಡುವವರು ಬಹಳ. ಇನ್ನು ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ಕೂರುವುದಿಲ್ಲ, ಟ್ಯೂಬ್ ಬದಲಿಸಲೇಬೇಕು.

ಪ್ರಶ್ನೆ: ಸೊಲ್ಯೂಷನ್ ಹಚ್ಚಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ಕೆಲವರು ಹಚ್ಚಿದ ಕೂಡಲೇ ಅಂಟಿಸುತ್ತಾರೆ, ಕೆಲವರು ಬೆಂಕಿಕಡ್ಡಿ ಗೀರಿ ಅದನ್ನು ಉರಿಸಿ ಒಣಗಿಸುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಏಕೆ ಎಂದು ತಿಳಿಯಲು ಆ ಪುಟ್ಟ ಕೊಳವೆಯಲ್ಲಿ ಏನಿದೆ ಎಂಬುದನ್ನು ನೋಡಬೇಕು. ಅದನ್ನು ನಾವು ಅಂಟು ಎಂದು ಕರೆದರೂ ಕಾಗದ ಅಂಟಿಸುವ ಗೋಂದಿನಂತೆ ಅದು ಕೆಲಸ ಮಾಡುವುದಿಲ್ಲ. ಬೇಗನೆ ಆವಿಯಾಗುವ ದ್ರಾವಕದಲ್ಲಿ ರಬ್ಬರನ್ನು ಕರಗಿಸಿ, ರಬ್ಬರಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡುವ ರಾಸಾಯನಿಕವನ್ನು ಅದರಲ್ಲಿ ಸೇರಿಸಿರುತ್ತಾರೆ. ಕಪ್ಪು ಪ್ಯಾಚಿನ ಕೆಳಗೆ ಕಾಣುವ ಕಿತ್ತಳೆ ಅಥವಾ ಕೆಂಪು ಬಣ್ಣದ ಮೆತ್ತನೆಯ ಪದರವು ಈ ಕ್ರಿಯೆಗೆಂದೇ ಪೂರ್ತಿ ಗಟ್ಟಿಗೊಳಿಸದೆ ಉಳಿಸಿದ ರಬ್ಬರು. ಎರಡೂ ಒತ್ತಡದಲ್ಲಿ ಕೂಡಿದಾಗ ಪ್ಯಾಚು ಟ್ಯೂಬಿನ ಮೈಯೊಡನೆ ಬೆಸೆದುಕೊಳ್ಳುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಮತ್ತು ಶಾಖದಿಂದ ರಬ್ಬರನ್ನು ಹದಗೊಳಿಸುವ ವಲ್ಕನೀಕರಣವನ್ನು ಕಂಡುಕೊಂಡರು. ನಿಮ್ಮ ಪೆಟ್ಟಿಗೆಯ ಪ್ಯಾಚು ಅದೇ ಕೆಲಸವನ್ನು ಶಾಖವಿಲ್ಲದೆ, ಕೈಯ ಒತ್ತಡದಿಂದ ಮಾಡುತ್ತದೆ. ಚೆನ್ನಾಗಿ ಕೂತ ಪ್ಯಾಚನ್ನು ಮರುದಿನ ಕಿತ್ತರೆ ಅಂಚು ಏಳುವ ಬದಲು ರಬ್ಬರೇ ಹರಿಯುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ದ್ರಾವಕವು ಪೂರ್ತಿ ಆವಿಯಾಗುವ ಮೊದಲೇ ಪ್ಯಾಚನ್ನು ಮುಚ್ಚಿದರೆ ಅದು ಒಳಗೇ ಉಳಿದುಬಿಡುತ್ತದೆ. ಪ್ಯಾಚು ಜಾರುತ್ತದೆ, ಗಾಳಿ ತುಂಬಿದಾಗ ಅಂಚು ಏಳುತ್ತದೆ. ಆದ್ದರಿಂದ ತೆಳುವಾಗಿ, ಪ್ಯಾಚಿಗಿಂತ ಸ್ವಲ್ಪ ಹೆಚ್ಚು ಜಾಗಕ್ಕೆ ಹರಡುವಂತೆ ಹಚ್ಚಿ, ಸಾಮಾನ್ಯ ಹವೆಯಲ್ಲಿ ಐದು ನಿಮಿಷವಾದರೂ ಕಾಯಿರಿ; ಚಳಿಯಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಹಸಿ ಹೊಳಪು ಹೋಗಿ ಮೇಲ್ಮೈ ಮಂಕಾಗಬೇಕು. ಪರೀಕ್ಷಿಸಲೇಬೇಕೆಂದರೆ ಹಚ್ಚಿದ ಜಾಗದ ತೀರಾ ಅಂಚನ್ನು ಮುಟ್ಟಿ, ನಡುವನ್ನಲ್ಲ, ಏಕೆಂದರೆ ಬೆರಳಿನ ಜಿಡ್ಡು ಮತ್ತು ಬೆವರು ಕೂತ ಕಡೆ ಬೆಸುಗೆ ಆಗುವುದಿಲ್ಲ. ಬಾಯಿಂದ ಊದುವುದೂ ಬೇಡ, ಉಸಿರಿನ ತೇವ ಅದರ ಮೇಲೆ ಕೂರುತ್ತದೆ. ರಸ್ತೆಯ ಬದಿಯಲ್ಲಿ ಕೂತು ಐದು ನಿಮಿಷ ಏನೂ ಮಾಡದೆ ಕಾಯುವುದು ಕಷ್ಟವೆಂದು ನನಗೂ ಗೊತ್ತು. ಟೈರಿನೊಳಗಿನ ಮುಳ್ಳು ಹುಡುಕುವ ಕೆಲಸವನ್ನು ಈ ಹೊತ್ತಿಗೆ ಇಟ್ಟುಕೊಂಡರೆ ಕಾಲ ತಾನಾಗಿ ಸರಿಯುತ್ತದೆ.

ಬೆಂಕಿ ಹಚ್ಚುವ ವಿಚಾರ: ಆ ದ್ರಾವಕ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಉರಿಸಿದರೆ ಮೇಲ್ಪದರ ಸುಟ್ಟು ಕರಕಾಗುತ್ತದೆ, ತೆಳ್ಳಗಿನ ಟ್ಯೂಬಿಗೂ ಏಟು ಬೀಳುತ್ತದೆ, ಪಕ್ಕದಲ್ಲೇ ಬಾಯಿ ತೆರೆದಿಟ್ಟ ಸೊಲ್ಯೂಷನ್ ಕೊಳವೆಯಿದ್ದರೆ ಕೈ ಸುಟ್ಟುಕೊಳ್ಳುವ ಅಪಾಯವೂ ಇದೆ. ಶಾಖ ಕೊಟ್ಟು ಅಚ್ಚಿನಲ್ಲಿ ಒತ್ತುವ ಪ್ಯಾಚಿನ ವಿಧಾನ ಬೇರೆಯೇ ಇದೆ. ಅದನ್ನು ನೋಡಿದವರು ಎರಡನ್ನೂ ಬೆರೆಸಿಕೊಂಡಿರಬಹುದು.

ಉಜ್ಜುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ಖಾನೆಯಲ್ಲಿ ಟ್ಯೂಬು ಅಚ್ಚಿಗೆ ಅಂಟದಿರಲೆಂದು ಬಳಸುವ ಪುಡಿಯ ಮತ್ತು ಜಿಡ್ಡಿನ ಉಳಿಕೆ ಅದರ ಮೈಮೇಲಿರುತ್ತದೆ. ಉಪ್ಪುಕಾಗದದಿಂದ ಉಜ್ಜುವುದು ಮುಖ್ಯವಾಗಿ ಅದನ್ನು ತೆಗೆಯುವುದಕ್ಕೆ. ಹೊಳಪು ಹೋಗಿ ಕಪ್ಪು ಮಾಸಲಾಗುವಷ್ಟು ಉಜ್ಜಿದರೆ ಸಾಕು. ಆದರೆ ಟ್ಯೂಬಿನ ಉದ್ದಕ್ಕೂ ಏಣಿನಂತೆ ಸಾಗುವ ಅಚ್ಚಿನ ಗೆರೆಯ ಮೇಲೆ ರಂಧ್ರವಿದ್ದರೆ ಆ ಏಣು ಪೂರ್ತಿ ಸಮವಾಗುವವರೆಗೆ ಬಿಡಬಾರದು, ಇಲ್ಲದಿದ್ದರೆ ಗಾಳಿ ಅದರ ಪಕ್ಕದ ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತದೆ. ಪ್ಯಾಚಿಟ್ಟ ಮೇಲೆ ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದಲೋ ಟೈರ್ ಲಿವರಿನ ದುಂಡು ತುದಿಯಿಂದಲೋ ಗಟ್ಟಿಯಾಗಿ ಒತ್ತಿ. ಮೇಲಿನ ಪಾರದರ್ಶಕ ಹಾಳೆಯನ್ನು ಕೀಳದೆ ಹಾಗೆಯೇ ಬಿಟ್ಟರೂ ತೊಂದರೆಯಿಲ್ಲ. ಕೀಳಲೇಬೇಕೆಂದಿದ್ದರೆ ನಡುವಿನಿಂದ ಸೀಳಿ ಹೊರಗೆ ಎಳೆಯಿರಿ. ಅಂಚಿನಿಂದ ಎಳೆದರೆ ಪ್ಯಾಚಿನ ಅಂಚೂ ಅದರೊಡನೆ ಏಳುತ್ತದೆ. ಸುತ್ತ ಉಳಿದ ಸೊಲ್ಯೂಷನ್ ಮೇಲೆ ಟಾಲ್ಕಂ ಅಥವಾ ಸೀಮೆಸುಣ್ಣದ ಪುಡಿ ಸವರಿದರೆ ಟ್ಯೂಬು ಟೈರಿಗೆ ಅಂಟಿಕೊಳ್ಳುವುದಿಲ್ಲ. ಹಾಗೆಯೇ, ಸರಿಯಾಗಿದೆಯೇ ಎಂದು ನೋಡುವ ಆಸೆಯಿಂದ ಟ್ಯೂಬನ್ನು ಹೊರಗೇ ಇಟ್ಟು ಗಾಳಿ ಹೊಡೆದು ಉಬ್ಬಿಸಬೇಡಿ. ಹೊಸ ಬೆಸುಗೆ ಹಿಗ್ಗಿಗೆ ಬಿಟ್ಟುಕೊಳ್ಳುತ್ತದೆ. ಟೈರಿನೊಳಗೆ ಹಾಕಿ ಗಾಳಿ ತುಂಬಿದರೆ ಒಳಗಿನ ಒತ್ತಡವೇ ಪ್ಯಾಚನ್ನು ಟೈರಿಗೆ ಅದುಮಿ ಹಿಡಿಯುತ್ತದೆ.

ಪ್ರಶ್ನೆ: ರಂಧ್ರವೇ ಸಿಗುವುದಿಲ್ಲ. ದಾರಿಯಲ್ಲಿ ನೀರಿನ ಬೋಗುಣಿ ಎಲ್ಲಿಂದ ತರುವುದು?

ಉತ್ತರ: ನೀರು ಕೊನೆಯ ಉಪಾಯ. ಮೊದಲು ಟ್ಯೂಬಿಗೆ ಅದರ ಸಹಜ ಗಾತ್ರದ ಒಂದೂವರೆಯಿಂದ ಎರಡರಷ್ಟು ಉಬ್ಬುವವರೆಗೆ ಗಾಳಿ ಹೊಡೆಯಿರಿ, ರಂಧ್ರವೂ ಹಿಗ್ಗಿ ಸದ್ದು ಮಾಡುತ್ತದೆ. ವಾಹನಗಳ ಗದ್ದಲದಲ್ಲಿ ಅದು ಕೇಳಿಸದಿದ್ದರೆ ಟ್ಯೂಬನ್ನು ತುಟಿಯ ಅಥವಾ ಕೆನ್ನೆಯ ಹತ್ತಿರ ಹಿಡಿದು ನಿಧಾನವಾಗಿ ಒಂದು ಸುತ್ತು ಸರಿಸಿ. ತುಟಿಯನ್ನು ಒದ್ದೆ ಮಾಡಿಕೊಂಡರೆ ಸಣ್ಣ ಗಾಳಿಯೂ ತಣ್ಣಗೆ ತಾಗುತ್ತದೆ. ಅನುಮಾನ ಬಂದ ಜಾಗಕ್ಕೆ ಕುಡಿಯುವ ನೀರಿನ ಬಾಟಲಿಯಿಂದ ನಾಲ್ಕು ಹನಿ ಹಾಕಿದರೆ ಗುಳ್ಳೆ ಬರುತ್ತದೆ. ಸಿಕ್ಕಿದೊಡನೆ ಪೆನ್ನಿನಿಂದ ಕೂಡಿಸುವ ಚಿಹ್ನೆ ಹಾಕಿ, ಅದರ ಗೆರೆಗಳು ಪ್ಯಾಚಿನ ಅಳತೆಗಿಂತ ಉದ್ದವಾಗಿರಲಿ. ರಂಧ್ರದ ಮೇಲೆ ಚುಕ್ಕೆಯಿಟ್ಟರೆ ಉಜ್ಜುವಾಗ ಅದು ಅಳಿಸಿಹೋಗುತ್ತದೆ, ಗಾಳಿ ಬಿಟ್ಟ ಟ್ಯೂಬಿನಲ್ಲಿ ಸೂಜಿಮೊನೆಯಷ್ಟು ತೂತನ್ನು ಮತ್ತೆ ಹುಡುಕುವ ಪಾಡು ಯಾರಿಗೂ ಬೇಡ.

ಎಲ್ಲೂ ಸಿಗದಿದ್ದರೆ ವಾಲ್ವನ್ನು ಅನುಮಾನಿಸಿ. ವಾಸ್ತವವಾಗಿ ಟೈರ್ ಬಿಚ್ಚುವ ಮೊದಲೇ ಒಂದು ಹನಿ ನೀರನ್ನೋ ಉಗುಳನ್ನೋ ವಾಲ್ವಿನ ಬಾಯಿಗಿಟ್ಟು ನೋಡುವುದು ಬುದ್ಧಿವಂತಿಕೆ. ಒಳಗೆ ಸಣ್ಣ ರಬ್ಬರ್ ಕೊಳವೆ ತೊಡಿಸಿದ ಹಳೆಯ ಬಗೆಯ ವಾಲ್ವಿನಲ್ಲಿ ಆ ರಬ್ಬರು ಬಿಸಿಲಿಗೆ ಮತ್ತು ವಯಸ್ಸಿಗೆ ಬಿರಿದು ಗಾಳಿ ಬಿಡುತ್ತದೆ. ಅದರ ಒಂದು ಬೆರಳುದ್ದದ ತುಂಡು ಚೀಲದಲ್ಲಿದ್ದರೆ ಎರಡು ನಿಮಿಷದ ಕೆಲಸ. ಕಾರಿನ ಬಗೆಯ ದಪ್ಪ ವಾಲ್ವಿನಲ್ಲಿ ಒಳಗಿನ ಪಿನ್ನು ಸಡಿಲಗೊಂಡಿರಬಹುದು, ಬಿಗಿ ಮಾಡಿದರೆ ಸರಿಹೋಗುತ್ತದೆ.

ಪ್ರಶ್ನೆ: ನನ್ನದು ಗೇರಿಲ್ಲದ, ಚೈನಿಗೆ ಪೂರ್ತಿ ಕವಚವಿರುವ ಸೈಕಲ್. ಹಿಂದಿನ ಚಕ್ರ ಬಿಚ್ಚಲು ಎರಡು ಸ್ಪ್ಯಾನರ್ ಮತ್ತು ಒಂದು ಗಂಟೆ ಬೇಕು. ದಾರಿಯಲ್ಲಿ ಏನು ಮಾಡಲಿ?

ಉತ್ತರ: ಚಕ್ರ ಬಿಚ್ಚಬೇಡಿ. ಪ್ಯಾಚ್ ಹಾಕುವುದಕ್ಕೆ ಚಕ್ರವನ್ನು ಬಿಚ್ಚಲೇಬೇಕೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಟ್ಯೂಬನ್ನೇ ಬದಲಿಸುವಾಗ ಮಾತ್ರ ಅದು ನಿಜ. ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ ಅಥವಾ ಚೈನು ಇರುವ ಬದಿ ಕೆಳಗಾಗುವಂತೆ ಮಲಗಿಸಿ, ಚೈನಿಲ್ಲದ ಬದಿಯಲ್ಲಿ ಟೈರಿನ ಅಂಚನ್ನು ಮಾತ್ರ ಲಿವರಿನಿಂದ ರಿಮ್ಮಿನ ಹೊರಗೆ ಎತ್ತಿ. ಮುಳ್ಳು ಹೊರಗಿನಿಂದಲೇ ಕಾಣುತ್ತಿದ್ದರೆ ಅಲ್ಲಿಯ ಎರಡು ಗೇಣಿನಷ್ಟು ಜಾಗವನ್ನು ತೆರೆದು ಟ್ಯೂಬನ್ನು ಹೊರಗೆಳೆದರೆ ಸಾಕು, ಉಳಿದದ್ದನ್ನು ಮುಟ್ಟುವ ಅಗತ್ಯವೇ ಇಲ್ಲ. ಮುಳ್ಳನ್ನು ಕಂಡ ಕೂಡಲೇ ಕಿತ್ತೆಸೆಯುವ ಕೈಯನ್ನು ಮಾತ್ರ ಸ್ವಲ್ಪ ತಡೆಯಿರಿ, ಜಾಗವನ್ನು ಪೆನ್ನಿನಿಂದ ಗುರುತು ಮಾಡಿಕೊಂಡು ಆಮೇಲೆ ಕೀಳಿ.

ಕಾರಣ ಕಾಣದಿದ್ದರೆ ಆ ಬದಿಯ ಅಂಚನ್ನು ಪೂರ್ತಿ ಸುತ್ತು ಬಿಡಿಸಿ, ವಾಲ್ವಿನ ನಟ್ ತೆಗೆದು, ಟ್ಯೂಬನ್ನು ಹೊರಗೆಳೆಯಿರಿ. ಅದು ಚಕ್ರದ ನಡುವಿನ ಅಚ್ಚಿಗೆ ಮಾಲೆಯಂತೆ ಜೋತು ನಿಲ್ಲುತ್ತದೆ. ಗಾಳಿ ಹೊಡೆದು ಹುಡುಕುವುದಕ್ಕೂ ಪ್ಯಾಚ್ ಹಾಕುವುದಕ್ಕೂ ಅಷ್ಟು ಸಡಿಲ ಸಾಕಾಗುತ್ತದೆ.

ಗೇರಿನ ಸೈಕಲ್ ಇರುವ ಇನ್ನಿಬ್ಬರು ಹಿಂದಿನ ಚಕ್ರ ಬಿಚ್ಚುವುದರ ಬಗ್ಗೆಯೇ ಕೇಳಿದ್ದಾರೆ. ಬಿಚ್ಚುವ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಗಾಲಿಗೆ ತನ್ನಿ. ಚಕ್ರ ಸುಲಭವಾಗಿ ಕಳಚುತ್ತದೆ, ತಿರುಗಿ ಕೂರಿಸುವಾಗಲೂ ಚೈನನ್ನು ಯಾವ ಹಲ್ಲಿಗೆ ಹಾಕಬೇಕೆಂಬ ಗೊಂದಲವಿರುವುದಿಲ್ಲ. ರಿಮ್ಮನ್ನು ಹಿಡಿಯುವ ಬ್ರೇಕಾದರೆ ಅದರ ಕೊಂಡಿಯನ್ನು ಸಡಿಲಿಸಬೇಕು, ಕೆಲಸ ಮುಗಿದ ಮೇಲೆ ಮರೆಯದೆ ಹಾಕಬೇಕು. ಈ ಮರೆವಿನಿಂದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬೆಚ್ಚಿದವರಲ್ಲಿ ನಾನೂ ಒಬ್ಬ. ಡಿಸ್ಕ್ ಬ್ರೇಕಾದರೆ, ಚಕ್ರ ಹೊರಗಿರುವಾಗ ಬ್ರೇಕಿನ ಹಿಡಿಯನ್ನು ಒತ್ತಬಾರದು, ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು ತಟ್ಟೆ ಒಳಗೆ ಹೋಗಲು ಜಾಗವೇ ಉಳಿಯುವುದಿಲ್ಲ. ಇಳಿಜಾರು ಇಳಿದು ಬಂದ ಕೂಡಲೇ ಆ ತಟ್ಟೆಯನ್ನು ಮುಟ್ಟಲೂ ಬೇಡಿ.

ಪ್ರಶ್ನೆ: ಮಳೆಯಲ್ಲಿ ಪ್ಯಾಚ್ ಅಂಟುತ್ತದೆಯೇ?

ಉತ್ತರ: ಇಲ್ಲ. ಒದ್ದೆ ರಬ್ಬರಿನ ಮೇಲೆ ಯಾವ ಸೊಲ್ಯೂಷನ್ನೂ ಹಿಡಿಯುವುದಿಲ್ಲ. ಒಂದು ಹೆಚ್ಚುವರಿ ಟ್ಯೂಬ್ ಜೊತೆಗಿಟ್ಟುಕೊಂಡು, ಅದನ್ನು ಹಾಕಿ ಹೊರಟು, ಹಳೆಯದಕ್ಕೆ ಒಣ ಜಾಗದಲ್ಲಿ ನಿಧಾನವಾಗಿ ಪ್ಯಾಚ್ ಹಾಕುವುದೇ ಮೇಲು. ಮಳೆಯಿಲ್ಲದ ದಿನವೂ ನಾನು ಮಾಡುವುದು ಹೀಗೆಯೇ; ಎರಡನೆಯ ಪಂಕ್ಚರ್ ಆದಾಗ ಮಾತ್ರ ರಸ್ತೆಯಲ್ಲಿ ಸೊಲ್ಯೂಷನ್ ತೆಗೆಯುತ್ತೇನೆ.

ಪ್ರಶ್ನೆ: ಎಲ್ಲ ಸರಿಯಾಗಿ ಮಾಡಿದರೂ ಟೈರಿನ ಕೊನೆಯ ಒಂದು ಗೇಣು ರಿಮ್ಮಿನೊಳಗೆ ಕೂರುವುದೇ ಇಲ್ಲ. ಸ್ಕ್ರೂಡ್ರೈವರ್ ಹಾಕಿ ಎತ್ತಿದೆ, ಕೂತಿತು, ಆದರೆ ಟ್ಯೂಬು ಮತ್ತೆ ತೂತಾಯಿತು.

ಉತ್ತರ: ಸ್ಕ್ರೂಡ್ರೈವರನ್ನು ಮನೆಯಲ್ಲೇ ಬಿಡಿ. ಅದರ ಚೂಪು ಮೂಲೆಗಳು ಟ್ಯೂಬನ್ನು ಕತ್ತರಿಸುತ್ತವೆ, ರಿಮ್ಮಿನ ಅಂಚನ್ನೂ ಕೆಡಿಸುತ್ತವೆ. ಇಲ್ಲಿ ಬಲಕ್ಕಿಂತ ರಿಮ್ಮಿನ ಆಕಾರದ ತಿಳಿವಳಿಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಿಮ್ಮಿನ ಅಡ್ಡ ಸೀಳನ್ನು ನೋಡಿದರೆ ಎರಡು ಬದಿಗಳಿಗಿಂತ ನಡುವೆ ತಗ್ಗಿದೆ. ಟೈರಿನ ಅಂಚಿನೊಳಗಿರುವ ತಂತಿ ಹಿಗ್ಗುವುದಿಲ್ಲ; ಆದರೆ ಅದನ್ನು ಸುತ್ತಲೂ ಆ ನಡುವಿನ ತಗ್ಗಿಗೆ ಇಳಿಸಿದರೆ ಅಲ್ಲಿ ಸುತ್ತಳತೆ ಕಡಿಮೆಯಿರುವುದರಿಂದ ಉಳಿದ ಸಡಿಲವೆಲ್ಲ ಎದುರು ಬದಿಗೆ ಬಂದು ಸೇರುತ್ತದೆ. ಆದ್ದರಿಂದ ಟೈರನ್ನು ವಾಲ್ವಿನ ಎದುರು ಬದಿಯಿಂದ ಕೂರಿಸಲು ಶುರುಮಾಡಿ, ಎರಡೂ ಕೈಗಳಿಂದ ಚಿವುಟುತ್ತ ತಗ್ಗಿಗೆ ತಳ್ಳುತ್ತ, ವಾಲ್ವಿನ ಹತ್ತಿರ ಮುಗಿಸಬೇಕು. ವಾಲ್ವಿನ ಜಾಗದಲ್ಲಿ ಟ್ಯೂಬಿನ ದಪ್ಪ ಬುಡ ಅಡ್ಡವಾಗಿ ಅಂಚು ತಗ್ಗಿಗೆ ಇಳಿಯದು, ಆದ್ದರಿಂದಲೇ ಅಲ್ಲಿಂದ ಶುರುಮಾಡಿದವರಿಗೆ ಕೊನೆಯಲ್ಲಿ ಸಡಿಲ ಸಿಗುವುದಿಲ್ಲ. ಕೊನೆಯ ಗೇಣನ್ನು ಅಂಗೈಯ ಬುಡದಿಂದ ಉರುಳಿಸುವಂತೆ ತಳ್ಳಿದರೆ ಸಾಮಾನ್ಯವಾಗಿ ಲಿವರ್ ಬೇಕಾಗುವುದಿಲ್ಲ.

ಟ್ಯೂಬನ್ನು ಒಳಗಿಡುವ ಮೊದಲು ಅದು ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ, ತಿರುಚಿಕೊಳ್ಳದಂತೆ ಕೂರಿಸಿ. ಟೈರ್ ಕೂತ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅದರ ಬುಡದಲ್ಲಿ ಸಿಕ್ಕಿಬಿದ್ದ ಟ್ಯೂಬು ಬಿಡಿಸಿಕೊಳ್ಳುತ್ತದೆ. ಬಳಿಕ ಟೈರನ್ನು ಅಲ್ಲಲ್ಲಿ ಪಕ್ಕಕ್ಕೆ ಸರಿಸಿ ರಿಮ್ಮಿನ ಸಂದಿಯಲ್ಲಿ ಟ್ಯೂಬು ಇಣುಕುತ್ತಿದೆಯೇ ಎಂದು ಎರಡೂ ಬದಿಯಲ್ಲಿ ಒಂದು ಸುತ್ತು ನೋಡಿ. ಇಣುಕುತ್ತಿದ್ದರೆ ಪೂರ್ತಿ ಗಾಳಿ ತುಂಬಿದಾಗ ಅದು ಗುಂಡು ಹಾರಿದಂತೆ ಸಿಡಿಯುತ್ತದೆ. ಅರ್ಧ ಗಾಳಿ ತುಂಬಿ ಚಕ್ರ ತಿರುಗಿಸಿದಾಗ, ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮೀಪವಾಗಿ ಓಡುವ ತೆಳ್ಳನೆಯ ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು.

ಪ್ರಶ್ನೆ: ಅಂಟು ಬೇಡದ, ಸ್ಟಿಕರಿನಂತೆ ಕಿತ್ತು ಅಂಟಿಸುವ ಪ್ಯಾಚುಗಳು ಬಂದಿವೆ. ಬೆರಳುದ್ದದ ಅನಿಲದ ಸಿಲಿಂಡರುಗಳೂ ಇವೆ. ಇವನ್ನು ನಂಬಬಹುದೇ?

ಉತ್ತರ: ಆ ಪ್ಯಾಚುಗಳು ಮನೆ ಮುಟ್ಟಿಸುತ್ತವೆ. ಅಲ್ಲಿ ರಬ್ಬರು ಬೆಸೆಯುವುದಿಲ್ಲ, ಬರೀ ಅಂಟಿಕೊಂಡಿರುತ್ತದೆ, ಹಾಗಾಗಿ ದಿನ ಕಳೆದಂತೆ ಅಂಚಿನಲ್ಲಿ ಗಾಳಿ ಸೋರಲು ಶುರುವಾಗುವುದು ಸಾಮಾನ್ಯ. ಐದು ನಿಮಿಷ ಕಾಯಬೇಕಿಲ್ಲ ಎಂಬುದು ಅವುಗಳ ನಿಜವಾದ ಲಾಭ. ಇವಕ್ಕೂ ಮೇಲ್ಮೈಯನ್ನು ಉಜ್ಜಿ ಒಣಗಿಸಿರಬೇಕು. ಶಾಶ್ವತ ಪ್ಯಾಚನ್ನು ಆಮೇಲೆ ಹಾಕುವಾಗ ಸ್ಟಿಕರಿನ ಅಂಟನ್ನು ಪೂರ್ತಿ ಉಜ್ಜಿ ತೆಗೆಯಿರಿ.

ಸಿಲಿಂಡರಿನಲ್ಲಿರುವುದು ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡ್. 16 ಗ್ರಾಮಿನದು ಹೆಚ್ಚು ಬಳಕೆಯಲ್ಲಿದೆ. ಕೆಲವೇ ಕ್ಷಣಗಳಲ್ಲಿ ಟೈರ್ ಗಟ್ಟಿಯಾಗುತ್ತದೆ, ಆದರೆ ಎರಡು ಸಂಗತಿ ತಿಳಿದಿರಬೇಕು. ಅನಿಲ ಹೊರಬರುವಾಗ ಸಿಲಿಂಡರು ಹಿಮಗಟ್ಟುವಷ್ಟು ತಣ್ಣಗಾಗುತ್ತದೆ, ಬರಿಗೈಯಲ್ಲಿ ಹಿಡಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇನ್ನೊಂದು, ಈ ಅನಿಲ ರಬ್ಬರಿನಲ್ಲಿ ಕರಗಿ ಸಾಮಾನ್ಯ ಗಾಳಿಗಿಂತ ಬಹಳ ಬೇಗ ನುಸುಳಿ ಹೊರಹೋಗುತ್ತದೆ. ಮರುದಿನ ಟೈರ್ ಮೆತ್ತಗಾಗಿದ್ದರೆ ಪ್ಯಾಚನ್ನು ದೂರಬೇಡಿ, ಉಳಿದ ಅನಿಲವನ್ನು ಬಿಟ್ಟು ಪಂಪಿನಿಂದ ಗಾಳಿ ತುಂಬಿ ನೋಡಿ. ಸಿಲಿಂಡರ್ ಇದ್ದರೂ ಪಂಪನ್ನು ಬಿಟ್ಟು ಹೊರಡುವುದು ನನಗಂತೂ ಒಪ್ಪಿಗೆಯಿಲ್ಲ: ಸಿಲಿಂಡರು ಒಂದು ತಪ್ಪಿಗೆ ಮುಗಿಯುತ್ತದೆ, ಪಂಪು ಮುಗಿಯುವುದಿಲ್ಲ.

ಪ್ರಶ್ನೆ: ಹಿಂದಿನ ಕಾಲದವರು ಪಂಕ್ಚರ್ ಆದರೆ ಏನು ಮಾಡುತ್ತಿದ್ದರು?

ಉತ್ತರ: ಬಹಳ ಹೊತ್ತು ಕಾಯುತ್ತಿದ್ದರು. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಸೈಕಲ್ ಟೈರಿಗೆ ಪೇಟೆಂಟ್ ಪಡೆದ ಹೊಸತರಲ್ಲಿ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಮರುವರ್ಷ ಫ್ರಾನ್ಸಿನ ಕ್ಲೆರ್ಮೋಂ-ಫೆರಾನ್‌ನಲ್ಲಿದ್ದ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಸೈಕಲ್ ಸವಾರನೊಬ್ಬ ಅಂಥ ಟೈರನ್ನು ದುರಸ್ತಿಗೆ ತಂದಾಗ ಬಿಚ್ಚಿ ಸರಿಪಡಿಸಲು ಮೂರು ಗಂಟೆ ಹಿಡಿಯಿತಂತೆ, ಅಂಟು ಒಣಗಲು ಒಂದಿಡೀ ರಾತ್ರಿ ಬೇಕಾಯಿತಂತೆ. ಸುಲಭವಾಗಿ ಬಿಚ್ಚಿ ಹಾಕುವ ಟೈರನ್ನು ಆ ಸಹೋದರರು ರೂಪಿಸಿದ್ದು ಈ ಅನುಭವದ ಬೆನ್ನಲ್ಲೇ. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸ್ಪರ್ಧೆಯನ್ನು ಶಾರ್ಲ್ ತೆರೋಂ ಗೆದ್ದದ್ದು ಆ ಟೈರುಗಳ ಮೇಲೆಯೇ. ಇಂದಿನ ಹೆಚ್ಚಿನ ಟ್ಯೂಬುಗಳು ಬ್ಯುಟೈಲ್ ಎಂಬ ಕೃತಕ ರಬ್ಬರಿನವು, 1937ರಲ್ಲಿ ಮೊದಲು ತಯಾರಾದದ್ದು. ಸಹಜ ರಬ್ಬರಿಗಿಂತ ಎಷ್ಟೋ ಪಾಲು ಹೆಚ್ಚು ಚೆನ್ನಾಗಿ ಗಾಳಿಯನ್ನು ಹಿಡಿದಿಡುತ್ತದೆ.

ಪ್ರಶ್ನೆ: ಪ್ಯಾಚೂ ಇಲ್ಲ, ಟ್ಯೂಬೂ ಇಲ್ಲ, ಪಂಪು ಮಾತ್ರ ಇದೆ. ಟೈರಿನೊಳಗೆ ಹುಲ್ಲು ತುಂಬಿ ಓಡಿಸಬಹುದೆಂದು ಕೇಳಿದ್ದೇನೆ.

ಉತ್ತರ: ಓಡಿಸಬಹುದು, ಆದರೆ ಅಂದುಕೊಂಡದ್ದಕ್ಕಿಂತ ಬಹಳ ಹುಲ್ಲು ಬೇಕು. ಗಿಡಿದು ತುಂಬದಿದ್ದರೆ ಹತ್ತು ನಿಮಿಷದಲ್ಲಿ ಕುಸಿದು ಟೈರು ರಿಮ್ಮಿನಿಂದ ಹೊರಬರುತ್ತದೆ. ಪಂಪು ಇರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಗಂಟು: ರಂಧ್ರವಿರುವ ಜಾಗವನ್ನು ಮಡಚಿ, ರಂಧ್ರ ಮಡಿಕೆಯ ತುದಿಗೆ ಬರುವಂತೆ ಮಾಡಿ, ಅದರ ಕೆಳಗೆ ಬಿಗಿಯಾಗಿ ಗಂಟು ಹಾಕಬೇಕು. ಟ್ಯೂಬು ಸ್ವಲ್ಪ ಗಿಡ್ಡವಾದರೂ ಹಿಗ್ಗಿ ರಿಮ್ಮಿನ ಸುತ್ತ ಬರುತ್ತದೆ. ಗಂಟಿರುವ ಕಡೆ ಚಕ್ರ ಪ್ರತಿ ಸುತ್ತಿಗೂ ಒಮ್ಮೆ ಕುಣಿಯುತ್ತದೆ, ಆದ್ದರಿಂದ ನಿಧಾನವಾಗಿ ಹೋಗಬೇಕು. ಮುಂದಿನ ಚಕ್ರಕ್ಕೆ ಇವೆರಡರಲ್ಲಿ ಯಾವುದನ್ನೂ ನಾನು ಹೇಳಲಾರೆ. ತಳ್ಳಿಕೊಂಡು ನಡೆಯಿರಿ.

ಟ್ಯೂಬಿನ ಬದಲು ಟೈರೇ ಸೀಳಿದ್ದರೆ ಸಮಸ್ಯೆ ಬೇರೆ. ಆ ಸೀಳಿನಿಂದ ಟ್ಯೂಬು ಗುಳ್ಳೆಯಂತೆ ಹೊರಬಂದು ಸಿಡಿಯುತ್ತದೆ. ಸೀಳಿನ ಒಳಬದಿಗೆ ಹಳೆಯ ಟೈರಿನ ತುಂಡನ್ನೋ ಹಲವು ಪದರವಾಗಿ ಮಡಚಿದ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನೋ ಇಟ್ಟು, ಗಾಳಿಯನ್ನು ಎಂದಿಗಿಂತ ಕಡಿಮೆ ತುಂಬಿ.

ಪ್ರಶ್ನೆ: 28 ಇಂಚಿನ ಟೈರಿಗೆಂದು 28 ಇಂಚಿನ ಟ್ಯೂಬನ್ನೇ ತಂದೆ, ವಾಲ್ವು ರಿಮ್ಮಿನ ತೂತಿನಲ್ಲಿ ತೂರಲಿಲ್ಲ. ಹೀಗೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ತೆಳ್ಳನೆಯ ವಾಲ್ವಿಗೆ ರಿಮ್ಮಿನ ತೂತು ಸುಮಾರು 6 ಮಿಲಿಮೀಟರ್, ಕಾರಿನ ಬಗೆಯ ದಪ್ಪ ವಾಲ್ವಿಗೆ 8 ಮಿಲಿಮೀಟರ್ ಇರುತ್ತದೆ. ದಪ್ಪ ತೂತಿನಲ್ಲಿ ತೆಳ್ಳನೆಯದು ಹೇಗೋ ನಿಲ್ಲುತ್ತದೆ, ಅದರ ವಿರುದ್ಧ ಸಾಧ್ಯವಿಲ್ಲ. ಇಂಚಿನ ಲೆಕ್ಕವನ್ನು ಅಷ್ಟಾಗಿ ನಂಬಬೇಡಿ: 28 ಇಂಚು ಎಂಬ ಒಂದೇ ಹೆಸರಿನಲ್ಲಿ 622 ಮಿಲಿಮೀಟರಿನ ರಿಮ್ಮೂ ಇದೆ, 635ರದೂ ಇದೆ. ಟೈರಿನ ಪಕ್ಕದಲ್ಲಿ 37-622 ಎಂಬಂತೆ ಅಚ್ಚಾಗಿರುವ ಜೋಡಿ ಸಂಖ್ಯೆಯನ್ನು ಬರೆದುಕೊಳ್ಳಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ಅದು ರಿಮ್ಮಿನ ಮೇಲೆ ಕೂರುವ ವ್ಯಾಸ. ಟೈರಿಗೆ ಎರಡನೆಯ ಸಂಖ್ಯೆ ತಪ್ಪಲೇಬಾರದು. ಟ್ಯೂಬು ಹಿಗ್ಗುವುದರಿಂದ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ.

ಪ್ರಶ್ನೆ: ಒಂದು ಟ್ಯೂಬಿಗೆ ಎಷ್ಟು ಪ್ಯಾಚ್ ಹಾಕಬಹುದು?

ಉತ್ತರ: ಲೆಕ್ಕವಿಲ್ಲ. ಸರಿಯಾಗಿ ಬೆಸೆದ ಪ್ಯಾಚು ಟ್ಯೂಬಿನಷ್ಟೇ ಬಾಳುತ್ತದೆ. ಒಂದರ ಮೇಲೊಂದು ಮಾತ್ರ ಬರಬಾರದು, ಹಳೆಯ ಪ್ಯಾಚಿನ ಅಂಚಿನ ಮೇಲೆ ಹೊಸದು ಸಮವಾಗಿ ಕೂರುವುದಿಲ್ಲ. ರಬ್ಬರೇ ಬಿರಿಯತೊಡಗಿದ ಟ್ಯೂಬಿಗೆ ಮೊದಲ ಪ್ಯಾಚೂ ವ್ಯರ್ಥ.

ಪ್ರಶ್ನೆ: ಆರು ತಿಂಗಳಿಂದ ಚೀಲದಲ್ಲೇ ಇದ್ದ ಪ್ಯಾಚಿನ ಪೆಟ್ಟಿಗೆಯನ್ನು ದಾರಿಯಲ್ಲಿ ತೆರೆದರೆ ಸೊಲ್ಯೂಷನ್ ಕೊಳವೆ ಖಾಲಿಯಾಗಿತ್ತು. ಹೆಚ್ಚುವರಿ ಟ್ಯೂಬು ಹಾಕಿದರೆ ಅದೂ ತೂತು!

ಉತ್ತರ: ಒಮ್ಮೆ ಬಾಯಿ ತೆರೆದ ಕೊಳವೆಯಿಂದ ದ್ರಾವಕ ಮುಚ್ಚಳದ ಸಂದಿಯಲ್ಲೇ ನಿಧಾನವಾಗಿ ಆವಿಯಾಗಿ ಹೋಗುತ್ತದೆ, ಎಷ್ಟು ಬಿಗಿಯಾಗಿ ತಿರುಗಿಸಿದರೂ ಅಷ್ಟೇ. ಬಾಯಿ ತೆರೆಯದ ಇನ್ನೊಂದು ಕೊಳವೆಯನ್ನು ಯಾವಾಗಲೂ ಜೊತೆಗಿಡಿ, ತೆರೆದದ್ದನ್ನು ಮನೆಯ ಕೆಲಸಕ್ಕೆ ಬಳಸಿ ಮುಗಿಸಿ. ಟ್ಯೂಬು ತೂತಾದದ್ದು ಚೀಲದೊಳಗೆ ಸ್ಪ್ಯಾನರು ಮತ್ತು ಲಿವರುಗಳ ಜೊತೆ ಆರು ತಿಂಗಳು ಉಜ್ಜಾಡಿದ್ದರಿಂದ ಇರಬೇಕು. ಗಾಳಿಯನ್ನು ಪೂರ್ತಿ ತೆಗೆದು, ವಾಲ್ವಿಗೆ ಮುಚ್ಚಳ ಹಾಕಿ, ವಾಲ್ವಿನ ತುದಿ ಟ್ಯೂಬಿಗೆ ಒತ್ತದಂತೆ ಸುತ್ತಿ, ಹಳೆಯ ಕಾಲುಚೀಲದೊಳಗೆ ತುರುಕಿ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕೈಯ ಮಸಿ ಒರೆಸಿಕೊಳ್ಳಲು ಅದೇ ಕಾಲುಚೀಲ ಬರುತ್ತದೆ.